ಅಕ್ಷರವಿಲ್ಲದ ಪುಸ್ತಕದಲ್ಲಿ ತಪ್ಪು ಯಾವುದು?



ಸ್ಯಾನ್ ಡಿಯೇಗೋದ ನಮ್ಮ ವಾರಾಂತ್ಯದ ಕನ್ನಡ ತರಗತಿಗೆ ಕಳೆದ ತಿಂಗಳು ಒಂದೂ ಅಕ್ಷರವಿಲ್ಲದ ಚಿತ್ರಪುಸ್ತಕವನ್ನು ಒಯ್ದಿದ್ದೆ. ಮಗುವನ್ನು ಬಿಡಲು ಬಂದ ತಂದೆಯೊಬ್ಬರು ನಗುತ್ತಲೇ ಕೇಳಿದರು: "ಫ್ರೀವೇಯಲ್ಲಿ ಅಷ್ಟು ದೂರ ಕಾರು ಓಡಿಸಿಕೊಂಡು ಬರೋದು ಅ ಆ ಇ ಈ ಕಲಿಸ್ತೀರಿ ಅಂತ. ಓದೋಕೆ ಏನೂ ಇಲ್ಲದ ಪುಸ್ತಕದಲ್ಲಿ ಏನು ಪಾಠ ಮಾಡ್ತೀರಿ?" ನ್ಯಾಯವಾದ ಪ್ರಶ್ನೆಯೇ. ಆದರೆ ಅಂದು ಮನೆಗೆ ಮರಳುವಾಗ ನನ್ನನ್ನು ಕಾಡಿದ್ದು ಬೇರೊಂದು ಪ್ರಶ್ನೆ. ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಅದು ಮರ್ಸರ್ ಮೇಯರ್ ಅವರ 'ಫ್ರಾಗ್, ವೇರ್ ಆರ್ ಯೂ?' ಎಂಬ 1969ರ ಪುಸ್ತಕ. ಹುಡುಗನೊಬ್ಬ ಕಪ್ಪೆಯೊಂದನ್ನು ಗಾಜಿನ ಜಾಡಿಯಲ್ಲಿ ಇಟ್ಟುಕೊಂಡಿರುತ್ತಾನೆ. ರಾತ್ರಿ ಅವನೂ ಅವನ ನಾಯಿಯೂ ಮಲಗಿರುವಾಗ ಕಪ್ಪೆ ಮೆಲ್ಲನೆ ಹೊರಬೀಳುತ್ತದೆ. ಇಬ್ಬರೂ ಕಾಡೆಲ್ಲ ಹುಡುಕುತ್ತಾರೆ. ಕೊನೆಗೆ ಮರದ ದಿಮ್ಮಿಯ ಹಿಂದೆ ಎರಡು ದೊಡ್ಡ ಕಪ್ಪೆಗಳು, ಜೊತೆಗೆ ಮರಿಗಳು. ಹುಡುಗ ಒಂದು ಕಪ್ಪೆಯನ್ನು ಕೈಯಲ್ಲಿ ಹಿಡಿದು, ಉಳಿದವಕ್ಕೆ ಕೈಬೀಸಿ ಹೊರಡುತ್ತಾನೆ.

"ಜಾಡಿಯಿಂದ ಹೊರಗೆ ಬಂದು ಕಪ್ಪೆ ಏನು ಮಾಡಿತು?" ಎಂದು ಕೇಳಿದೆ. ತರಗತಿಯಲ್ಲಿ ಬಾಯಿಯೇ ಬಿಡದ ಐದು ವರ್ಷದ ಪುಟಾಣಿಯೊಬ್ಬಳು "ಮನೆಗೆ ಹೋಯ್ತು" ಎಂದಳು. ನಾನು ತಕ್ಷಣ, "ಅಲ್ಲ ಪುಟ್ಟಾ, ತಪ್ಪಿಸಿಕೊಂಡು ಹೋಯ್ತು" ಎಂದು ತಿದ್ದಿದೆ. ಆಮೇಲೆ ಅವಳು ಮಾತಾಡಲೇ ಇಲ್ಲ.

ಜಾಡಿ ಇಟ್ಟವನ ಕಡೆಯಿಂದ ನೋಡಿದರೆ ಅದು ತಪ್ಪಿಸಿಕೊಂಡದ್ದು. ಕಪ್ಪೆಯ ಕಡೆಯಿಂದ ನೋಡಿದರೆ ಮನೆಗೆ ಹೋದದ್ದು. ಅವಳ ಕನ್ನಡದಲ್ಲಿ ತಪ್ಪಿರಲಿಲ್ಲ. ನಾನು ತಿದ್ದಿದ್ದು ಅವಳ ಕಥೆಯನ್ನು. ಆ ಹಕ್ಕು ನನಗಿತ್ತೆ?

ಅಕ್ಷರವಿರುವ ಪುಸ್ತಕದಲ್ಲಿ ದೊಡ್ಡವರ ಮಾತೇ ಕೊನೆ, ಏಕೆಂದರೆ ಓದಲು ಬರುವುದು ನಮಗೆ. ಅಕ್ಷರವಿಲ್ಲದ ಪುಸ್ತಕದ ಮುಂದೆ ಇಬ್ಬರೂ ಸಮಾನರು. ಹಾಗೆಂದು ಮಗು ಹೇಳಿದ್ದೆಲ್ಲ ಸರಿಯೆ? ಅಲ್ಲ, ಚಿತ್ರದ ಸಾಕ್ಷಿ ಇದೆಯಲ್ಲ. "ಎಲ್ಲಿ ಕಾಣಿಸಿತು, ತೋರಿಸು" ಎನ್ನಬಹುದು. ಮಾತಿಗೆ ತಡವರಿಸಿದರೆ ಪದವೊಂದನ್ನು ಒದಗಿಸಬಹುದು. "ಫ್ರಾಗ್ ಜಂಪ್ ಮಾಡ್ತು" ಎಂದರೆ "ಹೌದು, ಕಪ್ಪೆ ಕುಪ್ಪಳಿಸಿತು" ಎಂದರಾಯಿತು. ಪದ ನಮ್ಮದಾದರೂ ಕಥೆ ಅವಳದೇ.

ಇದೇ ಪುಸ್ತಕವನ್ನು ರೂತ್ ಬರ್ಮನ್ ಮತ್ತು ಬರ್ಕ್ಲಿಯ ಡಾನ್ ಸ್ಲೋಬಿನ್ ಎಂಬ ವಿದ್ವಾಂಸರು ಇಂಗ್ಲಿಷ್, ಜರ್ಮನ್, ಸ್ಪ್ಯಾನಿಷ್, ಹೀಬ್ರೂ, ಟರ್ಕಿಷ್ ಭಾಷೆಗಳ ಅಧ್ಯಯನಕ್ಕೆ ಬಳಸಿದರು. ಮಕ್ಕಳಿಂದಲೂ ದೊಡ್ಡವರಿಂದಲೂ ಕಥೆ ಹೇಳಿಸಿದ ಆ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಚಿತ್ರ ಒಂದೇ ಆದರೂ ಒಂದೊಂದು ಭಾಷೆ ಒಂದೊಂದು ವಿವರದತ್ತ ಗಮನ ಸೆಳೆಯುತ್ತದೆಂದು ಅವರು ತೋರಿಸಿದರು. ಕನ್ನಡದಲ್ಲಿ ಹೇಳುವ ಮಗು ಕಪ್ಪೆ "ಹೋಯ್ತು" ಎನ್ನಬೇಕೋ "ಹೋದ" ಎನ್ನಬೇಕೋ, ಅದರ ಅಪ್ಪ ಅಮ್ಮ "ಇದ್ವು" ಎನ್ನಬೇಕೋ "ಇದ್ರು" ಎನ್ನಬೇಕೋ ಎಂದು ನಿರ್ಧರಿಸಬೇಕು. ಇನ್ನೊಂದು ಜೀವಕ್ಕೆ ಎಷ್ಟು ಗೌರವ ಎಂಬುದು ನಮ್ಮ ಕ್ರಿಯಾಪದದಲ್ಲೇ ಇದೆ. ಇದೂ ಪಾಠವಲ್ಲವೆ?

ಈ ಬಗೆಯ ಓದು ನಮಗೆ ಹೊಸದೇನೂ ಅಲ್ಲ. ಹಳೇಬೀಡಿನ ಗುಡಿಯ ಗೋಡೆಗಳ ಮೇಲೆ ರಾಮಾಯಣ, ಮಹಾಭಾರತಗಳ ಪ್ರಸಂಗಗಳು ಕಲ್ಲಿನಲ್ಲಿ ಸಾಲಾಗಿವೆ. ಅವುಗಳನ್ನು ತೋರಿಸುತ್ತಾ ಹಿರಿಯರು ಹೇಳಿದ ಕಥೆಗಳನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಲಾಸ್ ಏಂಜಲೀಸ್ ಇರಲಿ, ಸ್ಯಾನ್ ಡಿಯೇಗೋ ಇರಲಿ, ಎಷ್ಟೋ ಮನೆಗಳಲ್ಲಿ ಊರಿನಿಂದ ಬಂದ ಅಜ್ಜಿಗೆ ಇಂಗ್ಲಿಷ್ ಓದಲು ಬಾರದು, ಮೊಮ್ಮಗುವಿಗೆ ಕನ್ನಡ ಓದಲು ಬಾರದು. ಇಂಥ ಪುಸ್ತಕವನ್ನು ಮಾತ್ರ ಇಬ್ಬರೂ ಓದಬಲ್ಲರು.

ಮುಂದಿನ ವಾರ ಆ ಪುಟಾಣಿಯ ಪಕ್ಕದಲ್ಲಿ ಕುಳಿತು, "ಹೋದ ವಾರ ನೀನು ಹೇಳಿದ್ದು ಸರಿಯಾಗಿತ್ತು, ನಾನು ಸುಮ್ಮನೆ ತಿದ್ದಿದೆ" ಎಂದೆ. ಅವಳು ಕೊನೆಯ ಪುಟ ತೆಗೆದು ಹುಡುಗನ ಕೈಯಲ್ಲಿದ್ದ ಕಪ್ಪೆಯನ್ನು ತೋರಿಸಿದಳು. "ಈ ಮರಿ ಅಮ್ಮನ್ನ ಬಿಟ್ಟು ಯಾಕೆ ಹೋಗ್ತಿದೆ?"

ಹುಟ್ಟೂರಿನಲ್ಲಿ ತಾಯಿಯನ್ನು ಬಿಟ್ಟು ಬಂದವಳು ನಾನು. ಉತ್ತರ ಬಾಯಿಗೆ ಬರಲಿಲ್ಲ. "ನೀನೇ ಹೇಳು" ಎಂದೆ.

"ರಜಕ್ಕೆ ಮತ್ತೆ ಬರುತ್ತೆ" ಎಂದಳು.

ಆ ಮೂರು ಪದಗಳನ್ನು ಹಲಗೆಯ ಮೇಲೆ ಬರೆದೆ. ಅಂದಿನ ಅಕ್ಷರಪಾಠ ಅವಳ 'ರ'ದಿಂದಲೇ ಶುರುವಾಯಿತು.