ಎಂಜಿನ್ ನಿಂತ ವಿಮಾನ ಮತ್ತು ಫಲಾಪೇಕ್ಷೆ

ಎಂಜಿನ್ ಸ್ಥಗಿತಗೊಂಡ ಸಣ್ಣ ವಿಮಾನವು, ಗಾಳಿ ಬೀಸದಿರುವಾಗ, ರೆಕ್ಕೆಗಳ ಎತ್ತುವ ಬಲಕ್ಕೂ ಗಾಳಿಯ ತಡೆಗೂ ಇರುವ ಅನುಪಾತ ಅತ್ಯಧಿಕವಾಗುವ ವೇಗದಲ್ಲಿ ಅತಿ ದೂರ ತೇಲಿ ಸಾಗುತ್ತದೆ; ಪೂರ್ಣ ತೂಕದ ಸೆಸ್ನಾ 172ಎಸ್ ವಿಮಾನಕ್ಕೆ ಈ ವೇಗ 68 ನಾಟ್, ಅಂದರೆ ಗಂಟೆಗೆ ಸುಮಾರು 126 ಕಿಲೋಮೀಟರ್. ದೂರದ ರನ್‌ವೇಯನ್ನು ತಲುಪುವ ಆಸೆಯಿಂದ ಪೈಲಟ್ ಮೂತಿಯನ್ನು ಮೇಲೆತ್ತಿದರೆ ವೇಗ ಕುಗ್ಗಿ, ತಡೆ ಹೆಚ್ಚಿ, ಕ್ರಮಿಸಬಹುದಾದ ದೂರವೇ ಕಡಿಮೆಯಾಗುತ್ತದೆ. ಭಗವದ್ಗೀತೆಯು ಬೋಧಿಸುವ ನಿಷ್ಕಾಮಕರ್ಮವು, ಎಂದರೆ ಫಲದ ಹಂಬಲವಿಲ್ಲದೆ ಕರ್ತವ್ಯವನ್ನು ನಿರ್ವಹಿಸುವ ನಿಲುವು, ಕೇವಲ ಉದಾಸೀನತೆಯೆಂಬ ಆಕ್ಷೇಪಕ್ಕೆ ಇಲ್ಲಿ ಸಮಾಧಾನ ದೊರೆಯುತ್ತದೆ: ಪೈಲಟ್ ಪ್ರಾಣರಕ್ಷಣೆಯ ಗುರಿಯನ್ನು ಉಳಿಸಿಕೊಂಡೇ, ರನ್‌ವೇಯ ಮೇಲಿನ ಮೋಹವನ್ನು ತೊರೆದು, ವೇಗವನ್ನು ಕಾಯ್ದುಕೊಂಡು, ಎಟುಕುವ ಬಯಲನ್ನು ಆರಿಸುತ್ತಾನೆ. ಆದ್ದರಿಂದ ಅನಾಸಕ್ತಿಯನ್ನು ಕರ್ಮಕ್ಕೆ ನಿಖರತೆ ತರುವ ಗುಣವೆಂದು ಗ್ರಹಿಸುವುದೇ ಯುಕ್ತ.