ಅವರು ನಿಜಕ್ಕೂ ಹಾಗೆಂದರೇ?



ಮೋದಿಯವರು ಆಳುವ ದೇಶದಲ್ಲಿ ಬದುಕಲು ಇಷ್ಟವಿಲ್ಲ ಎಂದು ಸಾಹಿತಿ ಯು. ಆರ್. ಅನಂತಮೂರ್ತಿ 2013ರಲ್ಲಿ ಹೇಳಿದರು. ಬಾಯಿಂದ ಬಾಯಿಗೆ ಹೋಗುತ್ತ ಅದು 'ದೇಶ ಬಿಟ್ಟು ಹೋಗುತ್ತೇನೆ' ಎಂಬ ಶಪಥವಾಯಿತು. ಅದು ಭಾವಾವೇಶದ ಮಾತು, ಭಾರತ ಬಿಟ್ಟು ತಾನೆಲ್ಲಿಗೂ ಹೋಗಲಾರೆ ಎಂದು 2014ರಲ್ಲಿ ಅವರೇ ತಿಳಿಸಿದರು. ಆದರೂ ಚುನಾವಣೆಯ ಬಳಿಕ ಕೆಲವರು ಅವರಿಗೆ ಪಾಕಿಸ್ತಾನದ ವಿಮಾನ ಟಿಕೆಟ್ ಕಳುಹಿಸಿದರು. ಅದೇ ವರ್ಷ ಆಗಸ್ಟ್ 22ರಂದು ಅವರು ತೀರಿಕೊಂಡಾಗ ನಮ್ಮ ಮಂಗಳೂರಿನಲ್ಲೂ ಪಟಾಕಿ ಸಿಡಿಸಿದವರಿದ್ದರು.

ಸುಳ್ಳುಸಾಕ್ಷಿ ಹೇಳಬೇಡ ಎಂಬ ಎಂಟನೆಯ ಆಜ್ಞೆ ಕಟ್ಟುಕಥೆಗೆ ಮಾತ್ರವಲ್ಲ, ಅರ್ಧ ಹೇಳಿದ ನಿಜಕ್ಕೂ ಅನ್ವಯಿಸುತ್ತದೆ. ಇನ್ನೊಬ್ಬರ ಮಾತಿನಲ್ಲಿ ಮೊದಲು ಒಳ್ಳೆಯ ಅರ್ಥ ಹುಡುಕಬೇಕು, ಸಿಗದಿದ್ದರೆ ಅವರನ್ನೇ ಕೇಳಬೇಕು ಎಂಬುದು ಲೊಯೋಲಾದ ಸಂತ ಇಗ್ನೇಷಿಯಸರ ಬೋಧನೆ. ಹಾಗೆಂದು ಎಲ್ಲವನ್ನೂ ಒಪ್ಪಬೇಕಿಲ್ಲ. ಆಡಿದ ಮಾತನ್ನು ಧಾರಾಳವಾಗಿ ಟೀಕಿಸೋಣ, ಆಡದ ಮಾತನ್ನಲ್ಲ.

ಶಕ್ತಿನಗರದ ನಮ್ಮ ಮನೆಗಳಲ್ಲಿ ಮೊಬೈಲಿಗೆ ಇಂಥ ಹೇಳಿಕೆ ಬಂದಾಗ ವಿಚಾರಿಸೋಣ: ಎಲ್ಲಿ, ಯಾವಾಗ ಹೇಳಿದರು? ಪೂರ್ತಿ ಮಾತೇನು? ಆಮೇಲೆ ಏನೆಂದರು? ನಮಗೆ ಆಗದವರ ಮಾತಾದರೆ ಇನ್ನೊಂದು ಪ್ರಶ್ನೆಯೂ ಇರಲಿ: ಇದು ನಿಜವಾಗಿರಲಿ ಎಂದು ನಾನೇ ಆಶಿಸುತ್ತಿದ್ದೇನೆಯೇ? ಉತ್ತರ ಸಿಗುವ ತನಕ ಅದನ್ನು ಯಾರಿಗೂ ಕಳುಹಿಸುವುದು ಬೇಡ.