ಎರಡು ಸಹಿ

ಪ್ರೋಗ್ರೆಸ್ ಕಾರ್ಡಿನಲ್ಲಿ ಪೋಷಕರ ಸಹಿಗೆಂದು ಇರುವುದು ಒಂದೇ ಗೆರೆ. ಏಳನೇ ತರಗತಿಯ ಒಬ್ಬ ಹುಡುಗ ಮಾತ್ರ ಅದರ ಮೇಲೆ ಎರಡು ಸಹಿ ಹಾಕಿಸಿಕೊಂಡು ಬರುತ್ತಿದ್ದ. ವಾರವಿಡೀ ಅಮ್ಮನ ಮನೆ, ಭಾನುವಾರ ಅಪ್ಪನ ಮನೆ. ಒಬ್ಬರ ಸಹಿ ಬಿಟ್ಟರೆ ಅವರಿಗೆ ಬೇಜಾರಾದೀತು ಎಂಬುದು ಅವನ ಲೆಕ್ಕ. ನಾನೊಮ್ಮೆ ಅವನನ್ನು ಸ್ಟಾಫ್ ರೂಮಿಗೆ ಕರೆದು, ಅಕ್ಕರೆಯಿಂದಲೇ, "ನಿಂಗೆ ಯಾರ ಹತ್ರ ಇರೋದು ಇಷ್ಟ ಮರಿ?" ಎಂದೆ. ಅವನು ನನ್ನ ಮುಖ ನೋಡಿ, "ಯಾರು ಕೇಳೋಕೆ ಹೇಳಿದ್ದು ಮಿಸ್?" ಅಂದ. ಹನ್ನೆರಡು ವರ್ಷದ ಮಗುವಿನ ಬಾಯಲ್ಲಿ ವಕೀಲರ ಪ್ರಶ್ನೆ! ನಾನು ಕಾರ್ಡು ವಾಪಸು ಕೊಟ್ಟು ಕಳಿಸಿದೆ.

ಇದು ಮತ್ತೆ ನೆನಪಾದದ್ದು ಅಮೆರಿಕದ ಫ್ಲಾರಿಡಾದಲ್ಲಿರುವ ಅಕ್ಕನ ಮಗಳು ಫೋನ್ ಮಾಡಿದಾಗ. ಅವಳ ವಿಚ್ಛೇದನ ನಡೆಯುತ್ತಿದೆ, ಎಂಟು ವರ್ಷದ ಮಗಳಿದ್ದಾಳೆ. ಚಿಕ್ಕ ಮಕ್ಕಳಿರುವ ದಂಪತಿ ಬೇರೆಯಾಗಬೇಕಾದರೆ ಅಲ್ಲಿ ಇಬ್ಬರೂ ಕಡಿಮೆಯೆಂದರೆ ನಾಲ್ಕು ಗಂಟೆಯ ಪಾಠ ಕೇಳಬೇಕೆಂದು ಕಾನೂನಿದೆ. "ತಪ್ಪು ಅವರದು, ಕ್ಲಾಸು ನನಗೂ!" ಎಂದು ಅವಳಿಗೆ ಸಿಟ್ಟು.

ಪಾಠವೇನೋ ಸರಳ. ಮಗುವಿನ ಕೈಲಿ ಮಾತು ಕಳಿಸಬೇಡಿ. ಆ ಮನೆಯಲ್ಲಿ ಏನಾಯಿತೆಂದು ಕೆದಕಬೇಡಿ. ಮಗುವಿನ ಎದುರು ಇನ್ನೊಬ್ಬರನ್ನು ಹಳಿಯಬೇಡಿ. ನಿನ್ನಿಂದ ಹೀಗಾಗಲಿಲ್ಲ ಎಂದು ಮಗುವಿಗೆ ಮತ್ತೆ ಮತ್ತೆ ಹೇಳಿ. ಇದಕ್ಕೂ ಕ್ಲಾಸು ಬೇಕೇ ಎಂದು ಅಕ್ಕ ಮೂಗು ಮುರಿದಳು. ಬೇಕೇನೋ. ನೆಂಟರ ಮನೆಗೆ ಹೋದಾಗ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು "ಅಪ್ಪ ಇಷ್ಟಾನೋ, ಅಮ್ಮ ಇಷ್ಟಾನೋ?" ಎಂದು ಕೇಳಿ ನಗದವರು ನಮ್ಮಲ್ಲಿ ಯಾರಿದ್ದಾರೆ? ನಮ್ಮ ದೇಶದಲ್ಲೂ 1984ರ ಕಾಯ್ದೆಯಿಂದ ಕೌಟುಂಬಿಕ ನ್ಯಾಯಾಲಯಗಳಾದವು, ಅಲ್ಲಿ ಸಲಹೆಗಾರರೂ ಇರುತ್ತಾರೆ. ಆದರೆ ತಂದೆ ತಾಯಿ ಇಂಥ ಪಾಠ ಕೇಳಲೇಬೇಕೆಂದು ಆ ಕಾಯ್ದೆ ಹೇಳುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುವವರಿಗೆ ಆರು ತಿಂಗಳ ಕಾಯುವಿಕೆ ಉಂಟು. ತಕ್ಕ ಕಾರಣವಿದ್ದರೆ ಅದನ್ನು ಬಿಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾಯುವ ಆ ಆರು ತಿಂಗಳಲ್ಲಿ ನಾಲ್ಕು ಗಂಟೆ ಮಗುವಿನ ಲೆಕ್ಕಕ್ಕೆ ಇಟ್ಟರೆ ಯಾರ ಗಂಟೇನು ಹೋಗುತ್ತದೆ?

ಆದರೆ ಅವಳು ಕೇಳಿದ ಇನ್ನೊಂದು ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. "ಚಿಕ್ಕಮ್ಮಾ, ಅವರು ಮಾಡಿದ್ದನ್ನು ಮಗಳಿಗೆ ಹೇಳಬಾರದಂತೆ. ಹಾಗಾದ್ರೆ ಸುಳ್ಳು ಹೇಳಿ ಬೆಳೆಸಬೇಕಾ?" ಸತ್ಯವನ್ನೇ ಹೇಳಿ ಎಂದು ಇಷ್ಟು ವರ್ಷ ಮಕ್ಕಳಿಗೆ ಬೋಧಿಸಿದವಳು ನಾನು. ರಾತ್ರಿಯೆಲ್ಲ ಅದೇ ಯೋಚನೆ. ಅಪ್ಪ ಏನೂ ಮಾಡಲಿಲ್ಲ ಎಂದರೆ ಅದು ಸುಳ್ಳು. ಅದು ದೊಡ್ಡವರಿಬ್ಬರ ವಿಷಯ ಎಂದರೆ ಸುಳ್ಳಲ್ಲ. ಹೇಳಿದರೂ, ಯಾರಿಗಾಗಿ ಹೇಳುತ್ತೇವೆ? ಮಗುವಿಗೆ ತಿಳಿಯಲೆಂದೋ, ನಮಗೊಂದು ಸಾಕ್ಷಿ ಸಿಗಲೆಂದೋ? ಸ್ಟಾಫ್ ರೂಮಿನಲ್ಲಿ ನಾನು ಕೇಳಿದ ಪ್ರಶ್ನೆಯೂ ಆ ಹುಡುಗನ ಹಿತಕ್ಕಾಗಿ ಅಲ್ಲ, ನನ್ನ ಕುತೂಹಲಕ್ಕೆ. ಒಪ್ಪಿಕೊಳ್ಳಲು ಇಷ್ಟು ವರ್ಷ ಬೇಕಾಯಿತು.

ಹೊಡೆತ ಬಡಿತದ ಮನೆಯ ಮಾತು ಬೇರೆ. ಕಣ್ಣಾರೆ ಕಂಡ ಮಗುವಿಗೆ "ಏನೂ ಆಗಿಲ್ಲ, ಮಲಗು" ಎನ್ನುವುದೇ ದೊಡ್ಡ ಸುಳ್ಳು. ಅಲ್ಲಿ ಮೊದಲು ಬೇಕಾದದ್ದು ರಕ್ಷಣೆ, ಪಾಠವಲ್ಲ. ಮಕ್ಕಳಿಗಾಗಿ ಸಹಿಸಿಕೋ ಎಂಬ ಹಳೆಯ ಬುದ್ಧಿವಾದಕ್ಕೆ ಕ್ಲಾಸು ಎಂಬ ಹೊಸ ಹೆಸರಿಟ್ಟರೆ ನಾನಂತೂ ಒಪ್ಪುವವಳಲ್ಲ. ಅಕ್ಕನ ಮಗಳದು ಅಂಥ ಕಥೆಯಲ್ಲ.

ಮೊನ್ನೆ ಮತ್ತೆ ಫೋನ್ ಮಾಡಿದ್ದಳು. ಭಾನುವಾರ ಸಂಜೆ ಮಗಳು ಬಾಗಿಲಲ್ಲೇ ನಿಂತು, "ಅಪ್ಪನ ಮನೇಲಿ ಚೆನ್ನಾಗಿತ್ತು ಅಂದ್ರೆ ನಿಂಗೆ ಬೇಜಾರಾ ಅಮ್ಮ?" ಅಂದಳಂತೆ.

"ಇಲ್ಲ ಪುಟ್ಟಿ, ಏನೇನು ಮಾಡಿದೆ ಹೇಳು ಅಂದೆ ಚಿಕ್ಕಮ್ಮಾ. ಬೇಜಾರಾಗಿತ್ತು. ಸುಳ್ಳೇ ಹೇಳಿದೆ."

ಆ ಸುಳ್ಳಿಗೆ ನಾನು ಅವಳನ್ನು ಬೈಯಲಿಲ್ಲ.